ಕೈಯಿಲ್ಲದವನ ದಾಪುಗಾಲು

ಇಟಲಿಯ 20 ಸೆಂಟ್ ನಾಣ್ಯದ ಮೇಲೆ ದಾಪುಗಾಲು ಹಾಕುವ ಒಂದು ಆಕೃತಿ ಇದೆ. ನನ್ನ ಮಗಳಿಗೆ ನಾಣ್ಯ ಕೂಡಿಡುವ ಹುಚ್ಚು, ಇವನ್ಯಾರು ಅಂತ ದುಂಬಾಲು ಬಿದ್ದಳು. ಉಂಬೆರ್ತೊ ಬೊಚ್ಚಿಯೋನಿ 1913ರಲ್ಲಿ ಮಾಡಿದ ಶಿಲ್ಪವಂತೆ, ಅದರ ಒಂದು ಕಂಚಿನ ಎರಕ ಮಿಲಾನ್‌ನಲ್ಲೇ ಇದೆ. ನಾವೂ ಆಗ ಮಿಲಾನ್‌ನಲ್ಲೇ ಇದ್ದೆವಲ್ಲ, ದುವೋಮೊ ಚರ್ಚಿನ ಪಕ್ಕದ ನೊವೆಚೆಂತೊ ಮ್ಯೂಸಿಯಂಗೆ ಟಿಕೆಟ್ ತೆಗೆದುಕೊಂಡು ನುಗ್ಗಿದೆವು.

ಎತ್ತರ ಬರೀ ನಾಲ್ಕು ಅಡಿಯ ಆಸುಪಾಸು. ಎದುರಿಗೆ ನಿಂತರೆ ಅಂಥದ್ದೇನೂ ಅನ್ನಿಸುವುದಿಲ್ಲ. ಮುಖದ ಜಾಗದಲ್ಲಿ ಹೆಲ್ಮೆಟ್ ಥರದ್ದೇನೋ ಇದೆ, ಕೈಗಳಂತೂ ಇಲ್ಲವೇ ಇಲ್ಲ. ಆದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ, ಆಸಾಮಿ ಹೊರಟೇ ಬಿಡುತ್ತಾನೆ! ತೊಡೆ, ಮೀನಖಂಡ ಎಲ್ಲ ಹಿಂದಕ್ಕೆ ಎಳೆದಂತಾಗಿ, ಚೂಪಾಗಿ, ಮತ್ತೆ ಬಾಗಿ, ಎಲ್ಲಿ ಮೈ ಮುಗಿದು ಎಲ್ಲಿ ಗಾಳಿ ಶುರುವಾಯಿತು ಅಂತಲೇ ತಿಳಿಯದ ಹಾಗೆ ಚಾಚಿಕೊಂಡಿವೆ. ನಾವು ಸುತ್ತು ಹಾಕಿದಷ್ಟೂ ರೂಪ ಬದಲಾಗುತ್ತದೆ, ನಾವು ನಿಂತರೆ ಅವನೂ ನಿಲ್ಲುತ್ತಾನೆ. ಅರ್ಧ ಕೆಲಸವನ್ನು ನೋಡುವವರ ಕಾಲಿಗೆ ಬಿಟ್ಟಿದ್ದಾನೆ ಪುಣ್ಯಾತ್ಮ.

"ಗಾಳಿಗೆ ತಾತನ ಪಂಚೆ ಹಾರುತ್ತಲ್ಲ ಅಮ್ಮಾ, ಹಂಗೇ ಇದೆ" ಅಂದಳು ಮಗಳು. ನಕ್ಕೆ, ಆದರೆ ಮಾತು ಸರಿಯಾಗಿಯೇ ಇತ್ತು. 1912ರಲ್ಲಿ ಶಿಲ್ಪಕಲೆಯ ಬಗ್ಗೆ ಬರೆದ ಪ್ರಣಾಳಿಕೆಯಲ್ಲಿ ಬೊಚ್ಚಿಯೋನಿ ಕೇಳಿದ್ದೂ ಅದನ್ನೇ: ಆಕೃತಿಯನ್ನು ಬಿಚ್ಚಿ ಹಾಕಿ, ಸುತ್ತಲಿನದನ್ನೂ ಅದರೊಳಗೆ ಸೇರಿಸಿ ಅಂತ. ತಮಾಷೆ ಏನೆಂದರೆ, ವೇಗ, ಯಂತ್ರಗಳನ್ನು ಮೆರೆಸುತ್ತಿದ್ದ ಇವರ ಫ್ಯೂಚರಿಸ್ಟ್ ಗುಂಪಿನ ನಾಯಕ, ಕವಿ ಮರಿನೆತ್ತಿ 1909ರಲ್ಲೇ ಸಾಮೊಥ್ರೇಸ್‌ನ ವಿಜಯದೇವತೆ ಎಂಬ ಪ್ರಾಚೀನ ಗ್ರೀಕ್ ಶಿಲ್ಪಕ್ಕಿಂತ ರೇಸ್ ಕಾರೇ ಚೆಂದ ಎಂದು ಸಾರಿದ್ದ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿರುವ ಆ ದೇವತೆಗೂ ಕೈಯಿಲ್ಲ, ಅವಳ ಬಟ್ಟೆಯೂ ಹೀಗೇ ಹಾರುತ್ತದೆ. ಬೈಸಿಕೊಂಡವಳ ಜಾಡೇ ಹಿಡಿದ ಹಾಗಾಯಿತು, ಅಲ್ವಾ?

ನನಗೆ ಹಿಡಿಸದ್ದು ಆ ಹೊಳಪು. ಬೊಚ್ಚಿಯೋನಿ ಮಾಡಿದ್ದು ಪ್ಲಾಸ್ಟರ್‌ನಲ್ಲಿ, ಆ ಮೂಲ ಈಗ ಬ್ರೆಜಿಲ್‌ನ ಸಾವೊ ಪೌಲೊದಲ್ಲಿದೆ. ಕಂಚಿಗೆ ಎರಕ ಹೊಯ್ದದ್ದು ಅವನು ಸತ್ತ ಮೇಲೆ. ಬಿಳಿ ಪ್ಲಾಸ್ಟರ್ ಮೇಲೆ ನೆರಳು ನಿಲ್ಲುತ್ತದೆ, ಇಲ್ಲಿ ದೀಪದ ಬೆಳಕು ಬಿದ್ದು ಜಾರಿ ಹೋಗುತ್ತದೆ, ಅಂಚುಗಳೇ ಕಾಣುವುದಿಲ್ಲ. ಸುಮ್ನೆ ಶ್ರೀಮಂತವಾಗಿ ಕಾಣುತ್ತದೆ ಅಷ್ಟೆ.

ಇನ್ನೊಂದು ಮುಜುಗರವೂ ಇತ್ತು. ಈ ಫ್ಯೂಚರಿಸ್ಟರೆಲ್ಲ ಯುದ್ಧವನ್ನು ಹಾಡಿ ಹೊಗಳಿದವರು. ಬೊಚ್ಚಿಯೋನಿ 1915ರಲ್ಲಿ ತಾನಾಗಿಯೇ ಸೈಕಲ್ ಪಡೆಗೆ ಸೇರಿದ, ಮರುವರ್ಷ ಸೇನೆಯ ತರಬೇತಿಯಲ್ಲಿ ಕುದುರೆಯಿಂದ ಬಿದ್ದು ಸತ್ತ, 33 ವರ್ಷ. ಇದು ಗೊತ್ತಿದ್ದು ನೋಡಿದರೆ ಆ ನಡಿಗೆ ಒಮ್ಮೊಮ್ಮೆ ಸಿಪಾಯಿಯದ್ದೇ ಅನ್ನಿಸುತ್ತದೆ. "ಎಲ್ಲಿಗೆ ಹೊರಟಿದ್ದಾನೆ ಅಮ್ಮಾ?" ಅಂತ ಮಗಳು ಕೇಳುವ ಹೊತ್ತಿಗೆ ನಮ್ಮವರ ಫೋನ್ ಬಂತು. ಅವರು ಆಗಲೇ ಮೇಲಿನ ಮಹಡಿಯಲ್ಲಿ ಕಲಾವಿದ ಫೊಂತಾನನ ನಿಯಾನ್ ದೀಪದ ಕಲಾಕೃತಿಯ ಕೆಳಗೆ ನಿಂತಿದ್ದರು, ಇಲ್ಲಿಂದ ಚರ್ಚು ಚೆನ್ನಾಗಿ ಕಾಣುತ್ತೆ, ಬೇಗ ಬನ್ನಿ ಅಂತ.