ಶನಿವಾರಗಳ ಪುಸ್ತಕ

ಅಮೆರಿಕದ ನ್ಯಾಶ್‌ವಿಲ್‌ಗೆ ಹೋಗಿಬಂದವರೆಲ್ಲ ಬ್ರಾಡ್‌ವೇ ಬೀದಿಯನ್ನು ಹೊಗಳುತ್ತಾರೆ. ನನಗೆ ಅದು ಹಿಡಿಸಲಿಲ್ಲ. ಒಂದೊಂದು ಬಾರಿನಿಂದ ಒಂದೊಂದು ಹಾಡು ಬೀದಿಗೆ ನುಗ್ಗಿ, ಯಾವುದೂ ಕಿವಿಗೆ ದಕ್ಕುವುದಿಲ್ಲ. ನಾನು ಆ ಊರಿಗೆ ಮತ್ತೆ ಹೋದರೆ ಅದು ರೈಮನ್ ಸಭಾಂಗಣಕ್ಕಾಗಿ ಮಾತ್ರ. 1892ರಲ್ಲಿ ಪ್ರಾರ್ಥನೆಗೆಂದು ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡ ಅದು. ಅಲ್ಲಿನ ಹಳ್ಳಿಗಾಡಿನ ಹಾಡುಗಾರಿಕೆಯಾದ ಕಂಟ್ರಿ ಸಂಗೀತದ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೋ ಕಾರ್ಯಕ್ರಮ 1943ರಿಂದ 1974ರವರೆಗೆ ಇಲ್ಲಿಂದಲೇ ಪ್ರಸಾರವಾಗುತ್ತಿತ್ತು. ಕೂರಲು ಈಗಲೂ ಚರ್ಚಿನ ಉದ್ದನೆಯ ಮರದ ಬೆಂಚುಗಳೇ.

ಹೋಗುವವರು ಬಾಡಿಗೆ ಕಾರನ್ನು ಹೋಟೆಲಿನಲ್ಲೇ ಬಿಟ್ಟು ಹೋಗಿ. ಹತ್ತಿರದ ಖಾಸಗಿ ನಿಲುಗಡೆಯಲ್ಲಿ ಮೊಬೈಲಿನಿಂದ ಹಣ ಕಟ್ಟಿ, ರಸೀದಿಯನ್ನೂ ಪಡೆದಿದ್ದೆ. ಆದರೂ ದಂಡದ ಚೀಟಿ ಬಂತು. ಅದನ್ನು ರದ್ದು ಮಾಡಿಸಲು ಬರೆದ ಪತ್ರಗಳನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಒಳಗೆ ನನ್ನ ಬೆಂಚಿನ ಆ ತುದಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ತೊಡೆಯ ಮೇಲೆ ಹಳೆಯ ನೋಟ್‌ಪುಸ್ತಕವಿಟ್ಟುಕೊಂಡು ವೇದಿಕೆ ನೋಡುತ್ತಿದ್ದರು. ಏನೆಂದು ಕೇಳಿದೆ. “ನಮ್ಮಪ್ಪನ ಶನಿವಾರಗಳು” ಎಂದರು.

ತಂದೆ ಪೂರ್ವ ಕೆಂಟಕಿಯ ಕಲ್ಲಿದ್ದಲು ಗಣಿಯ ಕಾರ್ಮಿಕ. ಶನಿವಾರಗಳಂದು ಆಪ್ರಿ ಬಿತ್ತರಿಸುತ್ತಿದ್ದ ಡಬ್ಲ್ಯುಎಸ್‌ಎಂ ರೇಡಿಯೋ ಕೇಂದ್ರದ 50,000 ವ್ಯಾಟ್ ಪ್ರಸಾರ ರಾತ್ರಿಯ ಹೊತ್ತು ಬೆಟ್ಟಗಳನ್ನು ದಾಟಿ ಅವರ ಅಡುಗೆಮನೆಗೂ ಬರುತ್ತಿತ್ತು. ಶನಿವಾರ ಊಟ ಮುಗಿಸಿ ರೇಡಿಯೋ ಪಕ್ಕ ಕೂತರೆಂದರೆ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಯಾರು ಹಾಡಿದರು, ಯಾವ ಹಾಡು, ಪಿಟೀಲು ಯಾರದು, ಸ್ಟೀಲ್ ಗಿಟಾರ್ ಯಾರದು, ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಯಕ್ಷಗಾನ ಮೇಳದ ಹಿಂದೆ ಊರೂರು ಅಲೆದು, ಯಾವ ರಾತ್ರಿ ಯಾರ ಭಾಗವತಿಕೆ ಎಂದು ನಲವತ್ತು ವರ್ಷದ ಮೇಲೂ ಹೇಳುವ ನಮ್ಮ ಕರಾವಳಿಯ ಹಿರಿಯರಂತೆಯೇ ಈತ ಎನ್ನಿಸಿತು.

ಆ ಹೆಂಗಸು 1963ರ ಮಾರ್ಚ್ 9ರ ಪುಟ ತೆರೆದು ತೋರಿಸಿದರು. ಆ ಮಂಗಳವಾರವಷ್ಟೇ ಆಪ್ರಿಯ ಹೆಸರಾಂತ ಗಾಯಕಿ ಪ್ಯಾಟ್ಸಿ ಕ್ಲೈನ್ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಪುಟದಲ್ಲಿ ಹಾಡುಗಳ ಪಟ್ಟಿಯೇ ಇಲ್ಲ. ಪ್ಯಾಟ್ಸಿ, ಜೊತೆಗೆ ತೀರಿಕೊಂಡ ಗಾಯಕರಾದ ಕೌಬಾಯ್ ಕೋಪಾಸ್, ಹಾಕ್‌ಶಾ ಹಾಕಿನ್ಸ್, ವಿಮಾನ ನಡೆಸುತ್ತಿದ್ದ ರ‍್ಯಾಂಡಿ ಹ್ಯೂಸ್, ಈ ನಾಲ್ಕು ಹೆಸರುಗಳು ಮಾತ್ರ. ಪೆನ್ಸಿಲನ್ನು ಎಷ್ಟು ಒತ್ತಿ ಬರೆದಿದ್ದರೆಂದರೆ ಹಾಳೆಯ ಹಿಂಬದಿಯಲ್ಲೂ ಅಕ್ಷರಗಳು ಬೆರಳಿಗೆ ತಾಗುತ್ತಿದ್ದವು.

“ಅವರು ಇಲ್ಲಿಗೆ ಬಂದಿದ್ದರೇ?”

“ಬಾರದೆ? ಗಣಿಗೆ ರಜೆ ಸಿಕ್ಕಾಗಲೆಲ್ಲ. ಏರ್ ಕಂಡೀಷನ್ ಇರಲಿಲ್ಲ ಮಗಳೇ, ಎಲ್ಲರ ಕೈಯಲ್ಲೂ ರಟ್ಟಿನ ಬೀಸಣಿಗೆ. ಅಪ್ಪ ಮಾತ್ರ ಬೀಸಿಕೊಳ್ಳುತ್ತಿರಲಿಲ್ಲ. ಸದ್ದಾಗುತ್ತದಲ್ಲ!”

1974ರಲ್ಲಿ ಆಪ್ರಿ ಊರ ಹೊರಗಿನ ಹೊಸ ಸಭಾಂಗಣಕ್ಕೆ ಹೋದದ್ದು ಆ ತಂದೆಗೆ ಸಹಿಸಲಾಗಲಿಲ್ಲವಂತೆ. ಉದ್ಘಾಟನೆಯ ರಾತ್ರಿ ಅಧ್ಯಕ್ಷ ನಿಕ್ಸನ್ ಪಿಯಾನೋ ನುಡಿಸಿದ್ದರು. ಪುಸ್ತಕದಲ್ಲಿ ನಿಕ್ಸನ್ ಹೆಸರಿಲ್ಲ. ಯಾಕೆ ಎಂದು ಮಗಳು ಕೇಳಿದ್ದಕ್ಕೆ, “ಆತ ಆಪ್ರಿಯ ಕಲಾವಿದನಲ್ಲ” ಎಂದಿದ್ದರಂತೆ. ರೈಮನ್ ವೇದಿಕೆಯ ಹಲಗೆಯಿಂದ ಆರಡಿ ಅಗಲದ ವೃತ್ತವನ್ನು ಕತ್ತರಿಸಿ ಹೊಸ ವೇದಿಕೆಯ ನಡುವೆ ಕೂರಿಸಿದ್ದಾರೆ ಎಂದು ತಿಳಿದ ಮೇಲೆಯೇ ಸಮಾಧಾನ. 2010ರ ಮೇ ತಿಂಗಳಲ್ಲಿ ಕಂಬರ್‌ಲ್ಯಾಂಡ್ ನದಿ ಉಕ್ಕಿ ಆ ವೇದಿಕೆ ಮುಳುಗಿದಾಗ, ಹಾಸಿಗೆ ಹಿಡಿದಿದ್ದರೂ ಮೊದಲು ಕೇಳಿದ್ದು ವೃತ್ತ ಉಳಿಯಿತೇ ಎಂದು. ಉಳಿದಿತ್ತು. ಆ ಸೆಪ್ಟೆಂಬರ್‌ನಲ್ಲಿ ಸಭಾಂಗಣ ಮತ್ತೆ ತೆರೆಯುವ ಹೊತ್ತಿಗೆ ಅವರಿರಲಿಲ್ಲ.

ಆ ಸಂಜೆ ನನಗೆ ಆಪ್ರಿ ಟಿಕೆಟ್ ಇತ್ತು. ಆ ಹೆಂಗಸಿಗೆ ರಾತ್ರಿಯೊಳಗೆ ಊರು ಸೇರಬೇಕಿತ್ತು. “ಬರೆದು ಕಳುಹಿಸುತ್ತೀಯಾ?” ಎಂದರು. ಕತ್ತಲಲ್ಲೇ ಗೀಚಿದೆ, ಒಂದು ಹಾಡನ್ನೂ ಬಿಡದೆ. ವೃತ್ತದೊಳಗೆ ನಿಂತ ಒಬ್ಬ ಹುಡುಗಿ ಹಾಡುವ ಮುನ್ನ ಬಗ್ಗಿ ಹಲಗೆಯನ್ನು ಮುಟ್ಟಿದ್ದನ್ನೂ ಸೇರಿಸಿದೆ. ವಾರದೊಳಗೆ ಉತ್ತರ ಬಂತು. ಧನ್ಯವಾದ, ಆ ಹುಡುಗಿಗೆ ನನ್ನ ಆಶೀರ್ವಾದ, ಆದರೆ ಸ್ಟೀಲ್ ಗಿಟಾರ್ ನುಡಿಸಿದವರು ಯಾರೆಂದು ನೀನು ಬರೆದಿಲ್ಲ, ಅಪ್ಪ ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು ಎಂದಿದ್ದರು.