ಅಡಿಕೆಯ ಬೋರಾನ್ ಗಾಲಿ: ಮೂರನೇ ವಾರ

ಒಂದೊಂದು ಅಡಿಕೆಯನ್ನು ಒಂದೊಂದು ಪರಮಾಣು ಅಂತ ಇಟ್ಟು, ಗಾಲಿಯ ಆಕಾರದ ಬೋರಾನ್ ಅಣುಗಳ ಮಾದರಿ ಮಾಡುತ್ತಿದ್ದೇನೆ. ಬದಿಯಡ್ಕದ ಮನೆಯ ಚಾವಡಿಯಲ್ಲಿ ಭಾನುವಾರ ಮೊದಲ ಗಾಲಿ ಸಿದ್ಧವಾಯಿತು. ಸುತ್ತ ಎಂಟು ಚಾಲಿ ಅಡಿಕೆ, ನಡುವೆ ಒಂದು. ಒಂಬತ್ತು ಬೋರಾನ್ ಪರಮಾಣು, ಜೊತೆಗೆ ಹೆಚ್ಚಿನ ಒಂದು ಎಲೆಕ್ಟ್ರಾನ್. ತಟ್ಟೆಯ ಹಾಗೆ ಚಪ್ಪಟೆಯಾದ ಈ ಗಾಲಿಯ ವಿವರ 2003ರಲ್ಲಿ ಪ್ರಕಟವಾಗಿತ್ತು.

ಚಾಲಿಗೆ ತೂತು ಕೊರೆಯುವುದೇ ದೊಡ್ಡ ಕೆಲಸ. ಒಣಗಿದ್ದು ಕಲ್ಲಿನ ಹಾಗೆ. ಡ್ರಿಲ್ ಬಿಟ್ ಜಾರುತ್ತದೆ, ಒತ್ತಿದರೆ ಅಡಿಕೆ ಸೀಳುತ್ತದೆ. ಏಳು ಹಾಳಾದ ಮೇಲೆ ಒಂದು ರಾತ್ರಿ ನೀರಲ್ಲಿ ಹಾಕಿಟ್ಟೆ. ಆಮೇಲೆ ಒಂದೂ ಒಡೆಯಲಿಲ್ಲ. ಪರಮಾಣುಗಳನ್ನು ಜೋಡಿಸುವ ಬಂಧಕ್ಕೆ ಹಿಡಿಸೂಡಿ ಕಡ್ಡಿ. ಒಂದು ಕಡ್ಡಿ ಅಂದ್ರೆ ಎರಡು ಎಲೆಕ್ಟ್ರಾನ್.

ಸಿಕ್ಕಿಹಾಕಿಕೊಂಡದ್ದು ಲೆಕ್ಕದಲ್ಲಿ. ಬೋರಾನಿಗೆ ಹೊರಗಿನ ಎಲೆಕ್ಟ್ರಾನ್ ಮೂರೇ. ಒಂಬತ್ತಕ್ಕೆ 27, ಹೆಚ್ಚಿನದ್ದು ಸೇರಿ 28. ಅಂಚಿನ ಎಂಟು ಕಡ್ಡಿಗೆ 16 ಹೋಯಿತು. ಉಳಿದ 12ರಲ್ಲಿ ಆರೇ ಕಡ್ಡಿ ಆಗುತ್ತದೆ. ಗಾಲಿಗೆ ಅರ ಬೇಕಾದ್ದು ಎಂಟು. ಪಕ್ಕದಲ್ಲಿ ಕೂತಿದ್ದ ಅಣ್ಣನ ಮಗಳು ಕೇಳಿದಳು, "ಚಿಕ್ಕಪ್ಪ, ಹಾಗಾದ್ರೆ ಯಾವ ಎರಡಕ್ಕೆ ಕಡ್ಡಿ ಇಲ್ಲ?"

ಎಂಟೂ ಒಂದೇ ಥರ ಇರುವಾಗ ಯಾವುದನ್ನು ಬಿಡುವುದು? ಆ 12 ಎಲೆಕ್ಟ್ರಾನ್ ಯಾವ ಇಬ್ಬರ ಪಾಲೂ ಅಲ್ಲ, ಇಡೀ ಗಾಲಿಯದ್ದು. ಅರದ ಕಡ್ಡಿ ಎಲ್ಲ ಕಿತ್ತೆ. ನೂಲು ತಂದೆ. ಒಂದು ಸುತ್ತು ಅಂದ್ರೂ ಎರಡು ಎಲೆಕ್ಟ್ರಾನ್. ಮೂರು ಸುತ್ತು ಕೆಂಪು, ಗಾಲಿಯ ಮಟ್ಟದಲ್ಲೇ: ಇಂಥ ಎಲೆಕ್ಟ್ರಾನಿಗೆ ಸಿಗ್ಮಾ ಅಂತ ಹೆಸರು. ಮೂರು ಸುತ್ತು ನೀಲಿ, ಮೇಲೂ ಕೆಳಗೂ ಹಾಯಿಸಿ: ಇಂಥದ್ದಕ್ಕೆ ಪೈ ಅಂತ. ಒಂದೊಂದು ಬಣ್ಣಕ್ಕೆ ಆರು ಎಲೆಕ್ಟ್ರಾನ್. ಆರು ಕಾರ್ಬನ್ನಿನ ಉಂಗುರವಾದ ಬೆಂಜೀನಿನಲ್ಲಿ ಇಂಥ ಆರರ ಗುಂಪು ಒಂದೇ, ಇಲ್ಲಿ ಎರಡು. ಈಗ ನಡುವಿನ ಅಡಿಕೆ ಒಂದು ಕಡ್ಡಿಯೂ ಇಲ್ಲದೆ ನೂಲಿನಲ್ಲೇ ನಿಂತಿದೆ. ಎತ್ತಿ ಅಲುಗಾಡಿಸಿದರೂ ಬೀಳಲಿಲ್ಲ. ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತೆ.

ನಿನ್ನೆ ನಡುವಿನ ಅಡಿಕೆ ತೆಗೆದು ಟೇಬಲ್ ಟೆನ್ನಿಸ್ ಚೆಂಡು ಇಟ್ಟೆ. ಇದು ಕೋಬಾಲ್ಟ್ ಲೋಹದ ಪರಮಾಣು. ಅಮೆರಿಕದ ರಸಾಯನ ವಿಜ್ಞಾನಿ ಲೈ-ಶೆಂಗ್ ವಾಂಗ್ ಮತ್ತು ಜೊತೆಗಾರರು 2011ರಲ್ಲಿ ತೋರಿಸಿದ ಗಾಲಿ. ಕೋಬಾಲ್ಟಿನ 9, ಬೋರಾನಿನ 24, ಹೆಚ್ಚಿನದ್ದು 1, ಒಟ್ಟು 34. ಅಂಚಿಗೆ 16, ನೂಲಿಗೆ 12. ಉಳಿದ ಆರು ಕೋಬಾಲ್ಟಿನ ಹತ್ತಿರವೇ ಮೂರು ಜೋಡಿಯಾಗಿ ಇರುತ್ತವೆ. ಚೆಂಡಿನ ಮೇಲೆ ಮೂರು ಕುಂಕುಮದ ಬೊಟ್ಟು ಇಟ್ಟೆ. ನಡುವಿನ ಪರಮಾಣು ಬದಲಾದರೂ ನೂಲಿನ ಲೆಕ್ಕ ಬದಲಾಗಲಿಲ್ಲ ನೋಡಿ!

ಮುಂದಿನ ಗಾಲಿಯ ನಡುವೆ ಟ್ಯಾಂಟಲಂ ಎಂಬ ಲೋಹ, ಸುತ್ತ ಹತ್ತು ಬೋರಾನ್, 2012ರಲ್ಲಿ ಪ್ರಕಟವಾದದ್ದು. ಅಡಿಕೆಯಿಂದ ಅಡಿಕೆಗೆ 8 ಸೆಂ.ಮೀ. ಇಟ್ಟರೆ ನಡುವಿನಿಂದ ಅಂಚಿಗೆ ಎಂಟರ ಗಾಲಿಯಲ್ಲಿ ಹತ್ತೂವರೆ, ಹತ್ತರದ್ದರಲ್ಲಿ ಸುಮಾರು 13. ಅಷ್ಟು ಜಾಗ ತುಂಬಲು ದೊಡ್ಡ ಪರಮಾಣುವೇ ಬೇಕು. ಇಲ್ಲಿ ಸಿಗ್ಮಾ ಎಲೆಕ್ಟ್ರಾನ್ ಹತ್ತು, ಹಾಗಾಗಿ ಕೆಂಪು ನೂಲು ಐದು ಸುತ್ತು. ಇನ್ನೂ ಹತ್ತು ಅಡಿಕೆ ನೆನೆಹಾಕಿದ್ದೇನೆ.