ಗ್ಯಾಲ್ವೆಸ್ಟನ್‌ನಲ್ಲಿ ನೀರು ಹಿತ್ತಲಿಂದ ಬಂತು

ಹ್ಯೂಸ್ಟನ್‌ನಲ್ಲಿ ನೆಂಟರಿದ್ದರೆ ಗ್ಯಾಲ್ವೆಸ್ಟನ್ ದ್ವೀಪದ ಬೀಚಿಗೆ ಕರ್ಕೊಂಡು ಹೋಗೇ ಹೋಗ್ತಾರೆ. ನಮ್ಮ ತಂಗಿಯೂ ಕರ್ಕೊಂಡು ಹೋದಳು. ಬೀಚು ಸಪ್ಪೆ, ನೀರು ಕಂದು. ಮಲ್ಪೆ ನೋಡಿದವರಿಗೆ ಅದರಲ್ಲೇನೂ ಇಲ್ಲ. ನನಗೆ ಹಿಡಿಸಿದ್ದು ದ್ವೀಪದ ಇನ್ನೊಂದು ಬದಿಯ ಹಳೇ ಪೇಟೆ, ಸ್ಟ್ರ್ಯಾಂಡ್.

ಹತ್ತಿ ವ್ಯಾಪಾರದ ದುಡ್ಡು ಹರಿಯುತ್ತಿದ್ದ ಕಾಲದ ಕಟ್ಟಡಗಳು. ಎಷ್ಟೋ ಕಟ್ಟಡಗಳ ಮುಂದೆ ಎರಕದ ಕಬ್ಬಿಣದ ಕಂಬಗಳಿವೆ. ಬಣ್ಣ ಬಳಿದಿರೋದರಿಂದ ಕಲ್ಲು ಅಂದುಕೊಳ್ಳಬೇಕು, ಬೆರಳಿಂದ ತಟ್ಟಿದರೆ ಠಣ್ ಅನ್ನುತ್ತೆ. ವಾಸ್ತುಶಿಲ್ಪಿ ನಿಕೋಲಸ್ ಕ್ಲೇಟನ್ 1882ರಲ್ಲಿ ಕಟ್ಟಿದ ಟ್ರೂಹಾರ್ಟ್-ಏಡ್ರಿಯನ್ಸ್ ಕಟ್ಟಡವಂತೂ ಇಟ್ಟಿಗೆಯಲ್ಲೇ ಹಾಕಿದ ಕಸೂತಿ. ಅಂಗಡಿಗಳ ಒಳಗೆ ಮಾತ್ರ ಅದೇ ಟೀ ಶರ್ಟು, ಅದೇ ಕಪ್ಪೆಚಿಪ್ಪು.

ಒಂದು ಅಂಗಡಿಯ ಗೋಡೆಯಲ್ಲಿ ಪುಟ್ಟ ಫಲಕ. 2008ರ ಸೆಪ್ಟೆಂಬರಿನಲ್ಲಿ ಐಕ್ ಚಂಡಮಾರುತ ಬಂದಾಗ ನೀರು ಇಲ್ಲಿವರೆಗೆ ಏರಿತ್ತಂತೆ. ಗುರುತು ನನ್ನ ತಲೆಗಿಂತ ಮೇಲಿತ್ತು!

ಇದ್ಯಾಕೋ ತಾಳೆಯಾಗಲಿಲ್ಲ. 1900ರ ಚಂಡಮಾರುತದಲ್ಲಿ ಕನಿಷ್ಠ 6,000 ಜನ ಸತ್ತ ಮೇಲೆ ಈ ಊರಿನವರು 17 ಅಡಿ ಎತ್ತರದ ತಡೆಗೋಡೆ ಕಟ್ಟಿದ್ದಾರೆ. 2,000ಕ್ಕೂ ಜಾಸ್ತಿ ಕಟ್ಟಡಗಳನ್ನು ಜಾಕ್ ಕೊಟ್ಟು ಎತ್ತಿ ಅಡಿಗೆ ಮರಳು ತುಂಬಿದ್ದಾರೆ. 3,000 ಟನ್ ತೂಕದ ಸೇಂಟ್ ಪ್ಯಾಟ್ರಿಕ್ ಚರ್ಚನ್ನೂ ಬಿಡಲಿಲ್ಲ, 700 ಜಾಕ್ ಇಟ್ಟು 5 ಅಡಿ ಮೇಲೆತ್ತಿದರು. ಇಷ್ಟೆಲ್ಲ ಮಾಡಿದ ಮೇಲೂ ನೀರು ಬಂದಿದ್ದು ಎಲ್ಲಿಂದ?

ಒಳಗೆ ಕೂತಿದ್ದ ವಯಸ್ಸಾದ ಅಂಗಡಿಯಾಕೆಯನ್ನು ಕೇಳಿದೆ. ಆಕೆ ಗಲ್ಲಾಪೆಟ್ಟಿಗೆ ಪಕ್ಕದಲ್ಲಿದ್ದ ಪೆನ್ನನ್ನು ಅಡ್ಡಲಾಗಿ ಇಟ್ಟರು. “ಇದು ದ್ವೀಪ. ಗೋಡೆ ಇರೋದು ಈ ಕಡೆ, ಸಮುದ್ರಕ್ಕೆ. ನಾವಿರೋದು ಆ ಕಡೆ, ಕೊಲ್ಲಿಗೆ. ನೀರು ಹಿತ್ತಲಿಂದ ಬಂತು.”

ಮರಳು ತುಂಬುವಾಗಲೂ ಗೋಡೆ ಹತ್ತಿರ ಎತ್ತರ ಮಾಡಿ, ಕೊಲ್ಲಿಯ ಕಡೆಗೆ ಇಳಿಜಾರು ಬಿಟ್ಟಿದ್ದರಂತೆ. ಹಾಗಾಗಿ ಬಂದರಿನ ಪಕ್ಕದ ಪೇಟೆ ತಗ್ಗಿನಲ್ಲೇ ಉಳಿಯಿತು. ಐಕ್ ತಂದ ಉಪ್ಪುನೀರು ಆ ಚೆಂದದ ಕಬ್ಬಿಣದ ಕಂಬಗಳಿಗೂ ತುಕ್ಕು ಹಿಡಿಸಿತು.

“ಮತ್ತೆ ಇಲ್ಲೇ ಅಂಗಡಿ ಯಾಕೆ ತೆರೆದಿರಿ?”

“ಗೋಡೆ ಹತ್ತಿರ ಹೋದರೆ ಗಿರಾಕಿ ಯಾರು ಬರ್ತಾರೆ? ಹಡಗು ನಿಲ್ಲೋದು ಇಲ್ಲೇ ಅಲ್ವಾ?”

ಆ ಹಡಗುಗಳ ಬಿಸಿ ನಮಗೂ ತಟ್ಟಿತ್ತು. ಕ್ರೂಸ್ ಹಡಗು ಹತ್ತುವವರ ಕಾರುಗಳಿಂದ ಬೀದಿಯೆಲ್ಲ ತುಂಬಿ, ಎರಡು ಗಂಟೆ ಪಾರ್ಕಿಂಗಿಗೆ ಮೂವತ್ತು ಡಾಲರ್ ಕಕ್ಕಿಸಿದರು. ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತೆ. ಹೋಗೋ ದಿನ ಹಡಗು ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇದ್ದರೆ ಬಂದರಿಂದ ನಾಲ್ಕೈದು ಬೀದಿ ಆಚೆ ಕಾರು ನಿಲ್ಲಿಸಿ ನಡೆದುಬಿಡಿ.